ಶೇವ್ ಮಾಡಿದರೆ ಕುತ್ತಿಗೆ ತುಂಬ ಗುಳ್ಳೆ, ಏನು ಮಾಡಲಿ ಡಾಕ್ಟ್ರೇ?

ಪ್ರಶ್ನೆ: ನನಗೆ 26 ವರ್ಷ. ಊರು ಶಿರಾ ಹತ್ತಿರ ಒಂದು ಹಳ್ಳಿ. ವಸಂತನರಸಾಪುರದಲ್ಲಿ ತಿಂಡಿ ಪದಾರ್ಥ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ತುಮಕೂರಿನಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಡ್ಯೂಟಿಗೆ ಹೋಗುವಾಗ ಗಡ್ಡ ಇರಬಾರದು, ಗೇಟಿನಲ್ಲೇ ನೋಡ್ತಾರೆ. ದಿನಾ ಶೇವ್ ಮಾಡಿ ಮಾಡಿ ಕುತ್ತಿಗೆ ತುಂಬ ಕೆಂಪು ಗುಳ್ಳೆ ಎದ್ದಿದೆ. ಕೆಲವು ಕೀವು ಕಟ್ಟುತ್ತವೆ, ಒಣಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಕೆನ್ನೆಯಲ್ಲಿ ಏನೂ ಇಲ್ಲ. ಐದು ಬ್ಲೇಡಿನ ದುಬಾರಿ ರೇಜರ್ ತಗೊಂಡೆ, ಇನ್ನೂ ಜಾಸ್ತಿ ಆಯ್ತು. ಕಟಿಂಗ್ ಶಾಪ್‌ನಲ್ಲಿ ಉಲ್ಟಾ ಹೊಡೆಸಿದರೆ ಎರಡು ದಿನ ತಡೆಯುತ್ತೆ ಅಂದರು, ಹೊಡೆಸಿದೆ, ಉರಿ ತಡೆಯೋಕೆ ಆಗಲಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಎರಡರಷ್ಟು ಬರುತ್ತೆ. ಅಮ್ಮ ಇದು ಉಷ್ಣ, ನಿಂಬೆಹಣ್ಣು ಉಜ್ಜು ಅಂತಾರೆ. ಮುಂದಿನ ವರ್ಷ ಮದುವೆ ಮಾಡುವ ಮಾತು ನಡೀತಿದೆ. ಇದಕ್ಕೆ ಶಾಶ್ವತ ಪರಿಹಾರ ಇದೆಯಾ?

ಉತ್ತರ: ಮೊದಲು ಒಂದು ಭಾರ ಇಳಿಸಿಬಿಡ್ತೀನಿ. ಇದು ಕೊಳೆಯಿಂದ ಬಂದದ್ದಲ್ಲ. ಉಷ್ಣದಿಂದಲೂ ಅಲ್ಲ. ರಕ್ತ ಕೆಟ್ಟಿದೆ ಅಂತ ಯಾರಾದರೂ ಹೇಳಿದ್ದರೆ ಅದನ್ನೂ ತಲೆಯಿಂದ ತೆಗೆದುಹಾಕಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೆನ್ನೆಯಲ್ಲಿ ಇಲ್ಲ, ಕುತ್ತಿಗೆಯಲ್ಲಿ ಮಾತ್ರ. ಬ್ಲೇಡ್ ಜಾಸ್ತಿ ಆದಾಗ ಗುಳ್ಳೆಯೂ ಜಾಸ್ತಿ ಆಯಿತು. ಉಲ್ಟಾ ಹೊಡೆಸಿದಾಗ ಉರಿ ವಿಪರೀತ. ಉಷ್ಣವೋ ಕೆಟ್ಟ ರಕ್ತವೋ ಆಗಿದ್ದರೆ ಬೆನ್ನು, ಎದೆ ಎಲ್ಲವನ್ನೂ ಬಿಟ್ಟು ರೇಜರ್ ಓಡಾಡಿದ ಜಾಗವನ್ನೇ ಹುಡುಕಿಕೊಂಡು ಬರುತ್ತಿತ್ತೇ? ಆಗಿರುವುದು ಇಷ್ಟು. ಕತ್ತರಿಸಿದ ಗಡ್ಡದ ಕೂದಲು ನೆಟ್ಟಗೆ ಹೊರಗೆ ಬರುವ ಬದಲು ನಿಮ್ಮ ಚರ್ಮದೊಳಕ್ಕೇ ತಿರುಗಿಕೊಳ್ಳುತ್ತಿದೆ.

ನೀವು ಹಳ್ಳಿಯವರು, ರಾಗಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದಿರುತ್ತೀರಿ. ಕೂಳೆ ಹೇಗೆ ಚುಚ್ಚುತ್ತೆ ಗೊತ್ತಲ್ವಾ? ನಿಂತ ಪೈರು ಯಾವತ್ತೂ ಕಾಲಿಗೆ ಚುಚ್ಚುವುದಿಲ್ಲ. ಕುಡುಗೋಲು ಓರೆಯಾಗಿ ಕೊಯ್ದ ಮೇಲೆ ಉಳಿದ ಮೋಟು ಚುಚ್ಚುತ್ತದೆ. ಗಡ್ಡದ ಕೂದಲೂ ಹಾಗೇ. ಕತ್ತರಿಸದ ಕೂದಲಿನ ತುದಿ ಮೆತ್ತಗಿರುತ್ತದೆ. ಬ್ಲೇಡ್ ಬಿದ್ದ ಕೂದಲಿನ ತುದಿ ಓರೆಯಾಗಿ, ಚೂಪಾಗಿ ಉಳಿಯುತ್ತದೆ. ಕೂದಲು ನೆಟ್ಟಗಿದ್ದರೆ ಇದರಿಂದ ತೊಂದರೆ ಇಲ್ಲ. ಗುಂಗುರು ಕೂದಲಾದರೆ ಸ್ವಲ್ಪ ಬೆಳೆದ ಕೂಡಲೇ ಬಾಗುತ್ತದೆ, ಹುಟ್ಟಿದ ರಂಧ್ರದಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ ಚರ್ಮಕ್ಕೆ ಚುಚ್ಚಿ ಒಳಗೆ ಹೋಗುತ್ತದೆ. ದೇಹಕ್ಕೆ ಅದು ತನ್ನದೇ ಕೂದಲು ಅಂತ ತಿಳಿಯುವುದಿಲ್ಲ. ಸಿಬಿರು ಹೊಕ್ಕಂತೆ ಭಾವಿಸಿ ಸುತ್ತ ಊದಿಸುತ್ತದೆ, ಕೆಂಪಾಗಿಸುತ್ತದೆ, ಕೆಲವೊಮ್ಮೆ ಕೀವು ಕಟ್ಟಿಸುತ್ತದೆ. ಊತ ಇಳಿದ ಮೇಲೆ ಅಲ್ಲಿ ಬಣ್ಣ ಉಳಿದುಕೊಳ್ಳುತ್ತದೆ. ಅದೇ ನಿಮ್ಮ ಕಪ್ಪು ಕಲೆ. ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಇದು ಎದ್ದು ಕಾಣುತ್ತದೆ.

ಇನ್ನೊಂದು ದಾರಿಯೂ ಇದೆ. ತೀರ ಒತ್ತಿ ಶೇವ್ ಮಾಡಿದಾಗ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಆಮೇಲೆ ಬೆಳೆಯುವಾಗ ರಂಧ್ರದ ಬಾಯಿಗೆ ಬರುವ ಮೊದಲೇ ಅದರ ಗೋಡೆಯನ್ನು ಒಳಗಿನಿಂದಲೇ ಚುಚ್ಚುತ್ತದೆ. ನಾವು ಡಾಕ್ಟರುಗಳು ಇದನ್ನು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಅಂತ ಕರೆಯುತ್ತೇವೆ. ‘ಸ್ಯೂಡೋ’ ಅಂದರೆ ಸುಳ್ಳು. ನೋಡೋಕೆ ಕೂದಲ ಬುಡದ ಸೋಂಕಿನ ಹಾಗೆ ಕಂಡರೂ ಮೂಲದಲ್ಲಿ ಸೋಂಕಲ್ಲ. ಬರೀ ಆಂಟಿಬಯೋಟಿಕ್ ನುಂಗಿದರೆ ಇದು ವಾಸಿಯಾಗದಿರುವುದು ಅದಕ್ಕೇ.

ಹಾಗಾದರೆ ಕೆನ್ನೆಗೆ ಇಲ್ಲದ್ದು ಕುತ್ತಿಗೆಗೆ ಯಾಕೆ? ಕುತ್ತಿಗೆಯಲ್ಲಿ ಸುಳಿಗಳಿವೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ನೋಡುವುದು ಸುಳಿಯನ್ನೇ. ಮೈಮೇಲೆ ಕೈಯಾಡಿಸಿ ಕೂದಲು ಎಲ್ಲಿ ಯಾವ ಕಡೆಗೆ ತಿರುಗಿದೆ ಅಂತ ಬೆರಳಲ್ಲೇ ಓದುತ್ತಾರೆ. ನಮ್ಮ ಕುತ್ತಿಗೆಗೂ ಆ ಓದು ಬೇಕು. ಕೆನ್ನೆಯ ಕೂದಲು ಹೆಚ್ಚಾಗಿ ಕೆಳಮುಖವಾಗಿ ಬೆಳೆಯುತ್ತದೆ. ಕುತ್ತಿಗೆಯ ಕೆಳಭಾಗದಲ್ಲಿ ಅನೇಕರಿಗೆ ಮೇಲ್ಮುಖ. ದವಡೆಯ ಮೂಳೆಯ ಕೆಳಗೆ ಅಡ್ಡಡ್ಡ. ಗಂಟಲಮಣಿಯ ಎರಡೂ ಪಕ್ಕ ಬೇರೆ ಬೇರೆ ದಿಕ್ಕು. ನನ್ನ ಕುತ್ತಿಗೆಯ ಎಡಗಡೆ, ಕಿವಿಯಿಂದ ನಾಲ್ಕು ಬೆರಳು ಕೆಳಗೆ ಒಂದು ಸುಳಿ ಇದೆ. ಬಲಗಡೆ ಇಲ್ಲ. ಕೆನ್ನೆಯಿಂದ ಎಳೆದುಕೊಂಡು ಬಂದ ರೇಜರನ್ನು ಅದೇ ಓಟದಲ್ಲಿ ಕುತ್ತಿಗೆಗೂ ಇಳಿಸಿದರೆ ನಮಗೆ ಗೊತ್ತಿಲ್ಲದೆಯೇ ಅರ್ಧ ಕುತ್ತಿಗೆಗೆ ಉಲ್ಟಾ ಶೇವ್ ಆಗಿರುತ್ತದೆ. ಜೊತೆಗೆ ಅಲ್ಲಿ ಚರ್ಮ ಸಡಿಲ, ಕೂದಲು ಚರ್ಮಕ್ಕೆ ಒರಗಿ ಮಲಗಿರುತ್ತದೆ. ಬ್ಲೇಡಿಗೆ ಸರಿಯಾಗಿ ಸಿಗುವುದಿಲ್ಲ, ನಾವು ಇನ್ನೂ ಒತ್ತುತ್ತೇವೆ.

ಈಗ ನಿಮ್ಮ ಐದು ಬ್ಲೇಡಿನ ವಿಷಯ. ಒಂದೇ ತಲೆಗೆ ಎರಡು ಬ್ಲೇಡ್ ಜೋಡಿಸಿದ ರೇಜರ್ ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಮೊದಲ ಬ್ಲೇಡ್ ಕೂದಲನ್ನು ಕತ್ತರಿಸುವಾಗ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಅದು ವಾಪಸ್ ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡ್ ಬಂದು ಮತ್ತೊಮ್ಮೆ ಕತ್ತರಿಸುತ್ತದೆ. ಉಳಿದ ಮೋಟು ಚರ್ಮದ ಕೆಳಗೆ ಸೇರಿಕೊಳ್ಳುತ್ತದೆ. ಕೈಯಾಡಿಸಿದರೆ ನುಣ್ಣಗೆ ಅನಿಸುವುದು ಇದಕ್ಕೇ. ನೆಟ್ಟನೆಯ ಕೂದಲಿನವರಿಗೆ ಇದು ವರ. ನಿಮ್ಮ ಕುತ್ತಿಗೆಗೆ ಇದೇ ಕಾಯಿಲೆಯ ಬೇರು. ಐದು ಬ್ಲೇಡ್ ಅಂದರೆ ಒಂದೇ ಎಳೆತಕ್ಕೆ ಚರ್ಮದ ಮೇಲೆ ಐದು ಸಲ ಹರಿತ ಓಡಿದ ಹಾಗೆ.

ಆದ್ದರಿಂದ ನಾನು ನಿಮ್ಮನ್ನು ಕೇಳಿಕೊಳ್ಳುವ ಮುಖ್ಯ ಮಾತು ಒಂದೇ. ಕುತ್ತಿಗೆಯಲ್ಲಿ ನುಣುಪಿನ ಆಸೆ ಬಿಡಿ. ಶೇವ್ ಮುಗಿದ ಮೇಲೆ ಬೆರಳಾಡಿಸಿದರೆ ಚಿರೋಟಿ ರವೆ ಮುಟ್ಟಿದ ಹಾಗೆ ಸಣ್ಣಗೆ ತರಿತರಿ ಅನಿಸಬೇಕು. ಮೈದಾ ಹಿಟ್ಟು ಮುಟ್ಟಿದ ಹಾಗೆ ಆಗುವವರೆಗೆ ಎಳೆಯಬೇಡಿ. ಎರಡು ಅಡಿ ದೂರದಲ್ಲಿ ನಿಂತವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಗೇಟಿನಲ್ಲಿ ನೋಡುವವರೂ ಕಣ್ಣಿನಿಂದ ನೋಡುತ್ತಾರೆ, ಕುತ್ತಿಗೆ ಮುಟ್ಟಿ ನೋಡುವುದಿಲ್ಲ.

ಆದರೆ ಈಗಿರುವ ಗುಳ್ಳೆಗಳ ಮೇಲೆ ಎಷ್ಟು ಚೆನ್ನಾಗಿ ಶೇವ್ ಮಾಡಿದರೂ ಪ್ರಯೋಜನವಿಲ್ಲ. ಮೊದಲು ಚರ್ಮಕ್ಕೆ ಮೂರು ನಾಲ್ಕು ವಾರ ಬಿಡುವು ಕೊಡಬೇಕು. ಗಡ್ಡ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟುದ್ದ ಆದಾಗ ಒಳಗೆ ಚುಚ್ಚಿಕೊಂಡ ಕೂದಲು ಬಿಲ್ಲಿನ ಹಾಗೆ ಬಾಗಿ, ತನ್ನ ಬಲದಿಂದಲೇ ಚಿಮ್ಮಿ ಹೊರಬರುತ್ತದೆ. ಮೊದಲ ವಾರ ಸ್ವಲ್ಪ ಜಾಸ್ತಿ ಆದಂತೆ ಕಾಣಬಹುದು. ಹೆದರಬೇಡಿ.

‘ಬಿಡುವು ಹೇಗೆ ಸರ್, ಕೆಲಸ ಹೋಗುತ್ತೆ’ ಅಂತೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆಹಾರ ತಯಾರಿಸುವ ಕಡೆ ಗಡ್ಡ ಬೇಡ ಅನ್ನುವುದು ತಿನ್ನುವ ವಸ್ತುವಿಗೆ ಕೂದಲು ಬೀಳಬಾರದು ಅಂತ. ಅದಕ್ಕೆ ಗಡ್ಡಕ್ಕೆ ಹಾಕುವ ಬಲೆ ಸಿಗುತ್ತದೆ, ತಲೆಗೆ ಹಾಕುವ ಟೋಪಿಯ ಥರದ್ದೇ. ಒಂದು ತಿಂಗಳ ಮಟ್ಟಿಗೆ ಅದನ್ನು ಹಾಕಿಕೊಳ್ಳಲು ಬಿಡಿ ಅಂತ ಡಾಕ್ಟರ ಪತ್ರದ ಜೊತೆ ಕೇಳಿ ನೋಡಿ. ಪತ್ರವನ್ನು ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಪರೀಕ್ಷೆ ಮಾಡಿಸಿಕೊಂಡು ಕೇಳಿ. ಅದಕ್ಕೂ ಒಪ್ಪದಿದ್ದರೆ ಟ್ರಿಮ್ಮರ್. ಒಂದು ಮಿಲಿಮೀಟರ್ ಬಿಡುವ ಹಾಗೆ ಅದರ ಬಾಯಿಗೆ ಬಾಚಣಿಗೆಯಂಥ ಕೋಂಬ್ ಹಾಕಿಕೊಂಡು ಓಡಿಸಿ. ಕಟಿಂಗ್ ಶಾಪ್‌ಗೆ ಹೋದರೆ ‘ಕುತ್ತಿಗೆಗೆ ಕತ್ತಿ ಬೇಡ, ಮೆಷಿನ್ ಹೊಡೀರಿ’ ಅಂದರೆ ಸಾಕು. ಗೇಟಿನವರು ಸುಮ್ನೆ ಬಿಡ್ತಾರೆ ಅಂತ ನನ್ನ ನಂಬಿಕೆ.

ಈ ದಿನಗಳಲ್ಲಿ ಕನ್ನಡಿ ಮುಂದೆ ನಿಂತಾಗ ಕೆಲವು ಗುಳ್ಳೆಗಳ ಮೇಲೆ ಕಪ್ಪು ದಾರದ ಕುಣಿಕೆಯ ಹಾಗೆ ಕೂದಲು ಕಾಣುತ್ತದೆ. ಎರಡೂ ತುದಿ ಒಳಗೆ, ನಡುಭಾಗ ಹೊರಗೆ. ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯನ್ನು ಆ ಕುಣಿಕೆಯ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದರೆ ಚುಚ್ಚಿಕೊಂಡಿದ್ದ ತುದಿ ಹೊರಬರುತ್ತದೆ. ಅಷ್ಟಕ್ಕೇ ನಿಲ್ಲಿಸಿ. ಚಿಮಟದಲ್ಲಿ ಹಿಡಿದು ಕಿತ್ತು ಹಾಕಬೇಡಿ. ಕಿತ್ತ ಜಾಗದಲ್ಲಿ ಹೊಸ ಕೂದಲು ತೀರ ಆಳದಿಂದ ಬರಬೇಕಾಗುತ್ತದೆ, ಬರುವಾಗ ಮತ್ತೆ ಗೋಡೆ ಚುಚ್ಚುತ್ತದೆ. ಕೂದಲು ಕಾಣದ ಗುಳ್ಳೆಯನ್ನು ಕೆದಕುವುದು ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ಆ ಟ್ಯೂಬ್. ‘ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಎರಡರಷ್ಟು’ ಅಂದಿರಲ್ಲ, ಅದು ಸ್ಟಿರಾಯ್ಡ್ ಕ್ರೀಮಿನ ಲಕ್ಷಣ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಹೆಸರಿದೆಯಾ ನೋಡಿ. ಇದು ಊತವನ್ನು ಒತ್ತಿಹಿಡಿಯುತ್ತದೆ. ಒಳಗಿನ ಕೂದಲು ಹಾಗೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತವೆ, ಬೇರೆಯದೇ ಥರದ ಮೊಡವೆ ಏಳುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೈಗೆ ಸಿಗಬಾರದ ಔಷಧಿ ಇದು. ನಮ್ಮ ಜನ ಐವತ್ತು ರೂಪಾಯಿ ಕೊಟ್ಟು ಇದನ್ನು ಮುಖದ ಕ್ರೀಮಿನ ಹಾಗೆ ಹಚ್ಚಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ವಾರಕ್ಕಿಂತ ಕಡಿಮೆ ಹಚ್ಚಿದ್ದರೆ ನಿಲ್ಲಿಸಿಬಿಡಿ. ತಿಂಗಳುಗಳಿಂದ ಹಚ್ಚುತ್ತಿದ್ದರೆ ನಿಲ್ಲಿಸುವ ಕ್ರಮ ಡಾಕ್ಟರ ಹತ್ತಿರ ಕೇಳಿ, ಯಾಕೆಂದರೆ ಬಿಟ್ಟ ಮೇಲೆ ಕೆಲವು ದಿನ ಕೆಂಪು, ಉರಿ ಜೋರಾಗುತ್ತದೆ.

ಇದಕ್ಕೇ ಸೇರಿದ ಇನ್ನೊಂದು ಪ್ರಶ್ನೆ. ಊರಿನ ಮನೆಯಲ್ಲಿ ಹಸು ಕರು ಇವೆಯಾ? ಕರುವಿನ ಕಣ್ಣಿನ ಸುತ್ತ, ಕತ್ತಿನ ಮೇಲೆ ಬೂದು ಬಣ್ಣದ, ಹಕ್ಕಳೆ ಕಟ್ಟಿದ ಗುಂಡನೆ ಕಲೆ ಇದೆಯಾ? ಅದು ಹುಳುಕಡ್ಡಿ. ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಗಲ್ಲ ಒರಗಿಸಿ ಕೂರುವವರಿಗೆ ಗಡ್ಡದ ಜಾಗಕ್ಕೆ ಅದು ಅಂಟಿಕೊಳ್ಳುವುದುಂಟು. ಆಗಲೂ ಗುಳ್ಳೆ, ಕೀವು, ಊತ ಬರುತ್ತದೆ. ಆದರೆ ಸಾಮಾನ್ಯವಾಗಿ ಒಂದೇ ಪಕ್ಕ, ಗುಂಪಾಗಿ. ಹಿಡಿದು ಎಳೆದರೆ ಕೂದಲು ನೋವಿಲ್ಲದೆ ಕೈಗೆ ಬರುತ್ತದೆ. ಅದು ಶೇವಿಂಗ್ ಗುಳ್ಳೆಯಲ್ಲ. ಅದಕ್ಕೆ ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆಯೇ ಬೇಕು. ಸ್ಟಿರಾಯ್ಡ್ ಹಚ್ಚಿದರೆ ಮೇಲ್ನೋಟಕ್ಕೆ ಮಾಸಿ ಒಳಗೊಳಗೇ ಹರಡುತ್ತದೆ.

ಅಮ್ಮನಿಗೆ ನನ್ನ ಪರವಾಗಿ ಹೇಳಿ, ನಿಂಬೆಹಣ್ಣು ಸಾರಿಗೆ, ಚಿತ್ರಾನ್ನಕ್ಕೆ ಇರಲಿ. ನಿಂಬೆ ರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗಾಗಿ ಗಾಢವಾದ ಕಪ್ಪು ಕಲೆ ಉಳಿಯುತ್ತದೆ. ನೀವು ಆಗಲೇ ಹಚ್ಚಿದ್ದರೆ ನಿಮ್ಮ ಕಲೆಗಳಲ್ಲಿ ಕೆಲವಕ್ಕೆ ನಿಂಬೆಯೇ ಕಾರಣ ಇರಬಹುದು. ಅವರು ಹೇಳಿದ್ದು ಮಗನ ಮೇಲಿನ ಅಕ್ಕರೆಯಿಂದ, ಜಗಳ ಆಡಬೇಡಿ.

ಚರ್ಮ ಶಾಂತವಾದ ಮೇಲೆ ಮತ್ತೆ ಶೇವ್ ಶುರು ಮಾಡುವ ದಿನ ಬರುತ್ತದೆ. ಆ ದಿನ ಮೊದಲು ಬೇಕಾದದ್ದು ನೀರು. ರೇಜರ್ ಆಮೇಲೆ.

ಒಣ ಗಡ್ಡದ ಕೂದಲು ತಂತಿಯಷ್ಟು ಗಟ್ಟಿ. ನೀರು ಕುಡಿದಾಗ ಊದಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾಗುವ ಬಲ ತುಂಬ ಕಡಿಮೆಯಾಗುತ್ತದೆ. ಆದರೆ ನೀರು ಕುಡಿಯಲು ಅದಕ್ಕೆ ಎರಡು ಮೂರು ನಿಮಿಷ ಬೇಕು. ಬಿಸಿನೀರಾದರೆ ಬೇಗ. ಎರಡು ಸಲ ಮುಖಕ್ಕೆ ನೀರು ಚಿಮುಕಿಸಿ ಕ್ರೀಮ್ ಬಳಿದರೆ ಕೂದಲ ಒಳಗೆ ಏನೂ ಹೋಗಿರುವುದಿಲ್ಲ. ನನ್ನ ಅಪ್ಪ ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ಕನ್ನಡಿ ಒರಗಿಸಿಕೊಂಡು ಕೂರುತ್ತಿದ್ದರು. ಹಿತ್ತಾಳೆ ಬಟ್ಟಲಲ್ಲಿ ಹಂಡೆಯ ಬಿಸಿನೀರು. ಬ್ರಷ್ಷನ್ನು ಅದರಲ್ಲಿ ನೆನೆಹಾಕಿ, ಸೋಪಿನ ಬಿಲ್ಲೆಯ ಮೇಲೆ ತಿರುಗಿಸಿ ತಿರುಗಿಸಿ, ಕುತ್ತಿಗೆಯಿಂದ ಶುರು ಮಾಡಿ ಮುಖಕ್ಕೆಲ್ಲ ನೊರೆ ಹಚ್ಚುತ್ತಿದ್ದರು. ಆಮೇಲೆ ರೇಜರ್ ಮುಟ್ಟುತ್ತಿರಲಿಲ್ಲ. ಬಿಳಿ ಮುಖ ಇಟ್ಟುಕೊಂಡೇ ಪೇಪರಿನ ಒಂದು ಪುಟ ಓದುತ್ತಿದ್ದರು. ನೊರೆ ಒಣಗುತ್ತಾ ಬಂದಾಗ ಬ್ರಷ್ಷನ್ನು ಮತ್ತೆ ಅದ್ದಿ ಇನ್ನೊಂದು ಸಲ ಹಚ್ಚಿ, ಆಮೇಲೆ ಶುರು. ಎಪ್ಪತ್ತು ದಾಟಿದ ಮೇಲೂ ಅವರ ಕುತ್ತಿಗೆಯಲ್ಲಿ ಒಂದು ಗುಳ್ಳೆ ನಾನು ಕಂಡಿಲ್ಲ. ಅವರು ಪೇಪರ್ ಓದಿದ್ದು ಸಮಯ ಕಳೆಯಲು ಅಂತ ತಿಳಿದಿದ್ದೆ. ಮೆಡಿಕಲ್ ಓದುವಾಗ ಅದರ ಬೆಲೆ ತಿಳಿಯಿತು.

ಪುಸ್ತಕಗಳಲ್ಲಿ ಸ್ನಾನ ಆದ ಮೇಲೆ ಶೇವ್ ಮಾಡಿ ಅಂತ ಬರೆದಿರುತ್ತಾರೆ. ನಮ್ಮ ಕಡೆ ಗಡ್ಡ ತೆಗೆದ ಮೇಲೆ ಸ್ನಾನ ಮಾಡದೆ ಒಳಗೆ ಬರುವ ಹಾಗಿಲ್ಲ. ಅದಕ್ಕೆ ಸುಲಭದ ದಾರಿ ಇದೆ. ತೆಳು ಟವೆಲ್ಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಕುತ್ತಿಗೆಗೆ ಮೂರು ನಿಮಿಷ ಸುತ್ತಿಕೊಳ್ಳಿ. ತಣ್ಣಗಾದರೆ ಮತ್ತೆ ಅದ್ದಿ. ಆಮೇಲೆ ಶೇವ್, ಆಮೇಲೆ ಸ್ನಾನ. ಆ ಸ್ನಾನದಲ್ಲಿ ಕುತ್ತಿಗೆಗೆ ಸೋಪು ಹಾಕಿ ನಾರಿನಲ್ಲಿ ಉಜ್ಜಬೇಡಿ, ಅಷ್ಟೇ.

ನೀರಿನ ಗುಣವೂ ಮುಖ್ಯ. ತುಮಕೂರಿನಲ್ಲಿ ಇರುವವರಿಗೆ ಇದು ಅನುಭವದಿಂದಲೇ ಗೊತ್ತಿರುತ್ತದೆ. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ನಲ್ಲಿಗೆ ಬಂದ ದಿನ ನೊರೆ ದಪ್ಪಗೆ ಏಳುತ್ತದೆ. ಬೋರ್‌ವೆಲ್ ನೀರಿನ ದಿನ ಎಷ್ಟು ತಿರುಗಿಸಿದರೂ ತೆಳ್ಳಗೆ, ಬೇಗ ಒಡೆದು ಹೋಗುತ್ತದೆ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟಿರುತ್ತಲ್ಲ, ಅದೇ. ಆ ಗಸಿ ಬ್ಲೇಡಿನ ಮೇಲೂ ಕೂರುತ್ತದೆ, ಚರ್ಮದ ಮೇಲೂ. ಬ್ಲೇಡ್ ಜಾರುವ ಬದಲು ತಡವರಿಸುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ತಳಕ್ಕೆ ಕೂತ ಬಿಳಿ ಪುಡಿ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಂಡರೆ ಗಡಸು ಸ್ವಲ್ಪ ಇಳಿಯುತ್ತದೆ. ಇನ್ನೂ ಸುಲಭ ಅಂದರೆ ಕುಡಿಯಲು ತರುವ ಕ್ಯಾನಿನ ಶುದ್ಧ ನೀರು. ನೊರೆಗೆ ಒಂದು ಲೋಟ, ಬ್ಲೇಡ್ ಜಾಲಾಡಿಸಲು ಒಂದು ಮಗ್ ಸಾಕು. ಶಿರಾ, ಪಾವಗಡ ಕಡೆಯವರು ಫ್ಲೋರೈಡ್ ನೀರಿನಿಂದ ಗುಳ್ಳೆ ಬರುತ್ತಾ ಅಂತ ಕೇಳುತ್ತಾರೆ. ಫ್ಲೋರೈಡ್ ಕಾಡುವುದು ಕುಡಿದವರ ಹಲ್ಲು, ಮೂಳೆಗಳನ್ನು. ಈ ಗುಳ್ಳೆಗೂ ಅದಕ್ಕೂ ಸಂಬಂಧವಿಲ್ಲ.

ಮೈಸೋಪಿನ ನೊರೆಯಲ್ಲಿ ಶೇವ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಅದು ಚರ್ಮ ಒಣಗಿಸುತ್ತದೆ, ಜಾರಿಕೆಯೂ ಇರುವುದಿಲ್ಲ. ಶೇವಿಂಗ್ ಕ್ರೀಮ್ ಯಾವುದಾದರೂ ಆದೀತು, ಮೆಂತಾಲ್ ಹಾಕಿ ‘ಕೂಲ್’ ಅಂತ ಮಾರುವಂಥದ್ದು ಬೇಡ. ಬ್ರಷ್ ಮಾತ್ರ ಇಟ್ಟುಕೊಳ್ಳಿ. ಅದು ವೃತ್ತಾಕಾರವಾಗಿ ತಿರುಗುವಾಗ ಮಲಗಿದ ಕೂದಲನ್ನು ಎಬ್ಬಿಸುತ್ತದೆ, ಕುತ್ತಿಗೆಗೆ ಬೇಕಾದದ್ದೇ ಅದು.

ರೇಜರ್ ಒಂದೇ ಬ್ಲೇಡಿನದ್ದು ಸಾಕು. ಹಳೇ ಕಾಲದ ತಿರುಪಿನ ರೇಜರ್, ಎರಡು ಕಡೆ ಹರಿತ ಇರುವ ಬ್ಲೇಡ್ ಹಾಕುವಂಥದ್ದು, ಕೈ ಕುದುರಿದರೆ ಬಹಳ ಒಳ್ಳೆಯದು. ಕೈ ನಡುಗುತ್ತೆ, ಕೊಯ್ದುಕೊಳ್ಳುತ್ತೇನೆ ಅನ್ನುವವರಿಗೆ 2010ರಲ್ಲಿ ನಮ್ಮ ದೇಶಕ್ಕಾಗಿಯೇ ಬಂದ ಜಿಲೆಟ್ ಗಾರ್ಡ್ ಇದೆ. ಒಂದೇ ಬ್ಲೇಡ್, ಮುಂದೆ ಹಲ್ಲುಹಲ್ಲಿನ ತಡೆ. ಆ ತಡೆ ಚರ್ಮವನ್ನು ಚಪ್ಪಟೆ ಮಾಡಿ ಬ್ಲೇಡ್ ತೀರ ಒಳಗೆ ಕಚ್ಚದ ಹಾಗೆ ನೋಡಿಕೊಳ್ಳುತ್ತದೆ. ಕಡಿಮೆ ಬೆಲೆಯದು ಅಂತ ಹಿಂಜರಿಯಬೇಡಿ. ನಾಲ್ಕೈದು ಶೇವ್‌ಗೆ ಬ್ಲೇಡ್ ಬದಲಾಯಿಸಿ. ಮೊಂಡು ಬ್ಲೇಡ್ ಕೂದಲನ್ನು ಕೊಯ್ಯುವುದಿಲ್ಲ, ಜಗ್ಗುತ್ತದೆ.

ಈಗ ಕೈಕೆಲಸ. ಎರಡು ದಿನದ ಗಡ್ಡ ಇದ್ದಾಗ ಬೆಳಕಿನಲ್ಲಿ ನಿಂತು ಕುತ್ತಿಗೆಯ ಮೇಲೆ ಬೆರಳಾಡಿಸಿ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಎಡಕ್ಕೆ, ಬಲಕ್ಕೆ. ಬೆರಳು ಎಲ್ಲಿ ಜಾರುತ್ತದೋ ಅದು ಕೂದಲಿನ ದಿಕ್ಕು. ಎಲ್ಲಿ ತಡೆಯುತ್ತದೋ ಅದು ಉಲ್ಟಾ. ಒಂದು ಹಾಳೆಯಲ್ಲಿ ಕುತ್ತಿಗೆಯ ಚಿತ್ರ ಬರೆದು ಬಾಣ ಗುರುತು ಹಾಕಿ, ಕನ್ನಡಿ ಪಕ್ಕ ಅಂಟಿಸಿ. ನನ್ನ ಹತ್ತಿರ ಬರುವವರಿಗೆ ಇದನ್ನೇ ಮೊದಲು ಮಾಡಿಸುತ್ತೇನೆ. ಒಂದು ವಾರ ಚಿತ್ರ ನೋಡಿಕೊಂಡು ಮಾಡಿದರೆ ಆಮೇಲೆ ಕೈಗೇ ಗೊತ್ತಾಗುತ್ತದೆ.

ರೇಜರನ್ನು ಬೆರಳ ತುದಿಯಲ್ಲಿ ಹಗುರಾಗಿ ಹಿಡಿಯಿರಿ. ಅದರ ತೂಕವೇ ಸಾಕು, ಒತ್ತುವುದು ಬೇಡ. ಒಂದು ಅಂಗುಲದಷ್ಟು ಉದ್ದಕ್ಕೆ ಮಾತ್ರ ಎಳೆದು, ನೀರಲ್ಲಿ ಜಾಲಾಡಿಸಿ, ಮುಂದಿನ ಜಾಗಕ್ಕೆ ಹೋಗಿ. ದಿಕ್ಕು ಬದಲಾದ ಕಡೆ ರೇಜರಿನ ದಿಕ್ಕೂ ಬದಲಾಗಬೇಕು. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವ ಅಭ್ಯಾಸ ತುಂಬ ಜನರಿಗಿದೆ. ಎಳೆದಾಗ ಕೂದಲು ಮೇಲೆದ್ದು ಇನ್ನೂ ಬುಡದಲ್ಲಿ ತುಂಡಾಗುತ್ತದೆ. ಕೈ ಬಿಟ್ಟ ಕೂಡಲೇ ಮೋಟು ಒಳಗೆ ಸೇರುತ್ತದೆ. ಗಲ್ಲವನ್ನು ಸ್ವಲ್ಪ ಮೇಲೆತ್ತಿ, ಮಡಿಕೆ ಬೀಳದ ಹಾಗೆ ನೋಡಿಕೊಂಡರೆ ಸಾಕು. ಒಂದು ಜಾಗಕ್ಕೆ ಒಂದೇ ಸಲ. ಬಿಟ್ಟುಹೋದ ಕಡೆ ಮತ್ತೆ ಎಳೆಯಲೇಬೇಕಿದ್ದರೆ ಮತ್ತೆ ನೊರೆ ಹಚ್ಚಿ. ಆ ಹೊತ್ತಿಗೆ ಕೈ ಮುಟ್ಟಿ ನೋಡುವ ಆಸೆ ಬರುತ್ತದೆ. ರವೆಯ ಹಾಗಿದ್ದರೆ ನಿಲ್ಲಿಸಿ.

ಮುಗಿದ ಮೇಲೆ ತಣ್ಣೀರು, ಒತ್ತಿ ಒರೆಸುವುದು, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್. ಉರಿದರೇನೇ ಕೆಲಸ ಮಾಡುತ್ತಿದೆ ಅಂತ ಸ್ಪಿರಿಟ್ ತುಂಬಿದ ಆಫ್ಟರ್‌ಶೇವ್ ಸುರಿದುಕೊಳ್ಳುವವರಿದ್ದಾರೆ. ಆ ಉರಿ ಚರ್ಮಕ್ಕೆ ಆಗುತ್ತಿರುವ ನೋವು. ಪಟಿಕದ ಕಲ್ಲು ಕೊಯ್ದ ಗಾಯದ ರಕ್ತ ನಿಲ್ಲಿಸುತ್ತದೆ. ಗುಳ್ಳೆ ತಡೆಯುವ ಶಕ್ತಿ ಅದಕ್ಕಿಲ್ಲ, ಇಡೀ ಕುತ್ತಿಗೆಗೆ ಉಜ್ಜಿದರೆ ಒಣಗಿ ಬಿಗಿಯುತ್ತದೆ.

ಬೈಕಿನಲ್ಲಿ ಕೆಲಸಕ್ಕೆ ಹೋಗುವವರು ನೀವಾದರೆ ಹೆಲ್ಮೆಟ್ಟಿನ ಪಟ್ಟಿಯನ್ನು ಒಮ್ಮೆ ಮೂಸಿ ನೋಡಿ. ಬೆವರು, ಧೂಳು ಕುಡಿದು ಗಟ್ಟಿಯಾಗಿರುತ್ತದೆ. ಆಗಷ್ಟೇ ಶೇವ್ ಆದ ಕುತ್ತಿಗೆಗೆ ಅರ್ಧ ಗಂಟೆ ಅದೇ ಉಜ್ಜುತ್ತದೆ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆಯಿರಿ. ಸಾಧ್ಯವಾದರೆ ರಾತ್ರಿ ಶೇವ್ ಮಾಡಿ ಮಲಗಿ, ಬೆಳಗ್ಗೆ ಹೊತ್ತಿಗೆ ಚರ್ಮ ಸುಧಾರಿಸಿರುತ್ತದೆ. ಕಟಿಂಗ್ ಶಾಪ್‌ಗೆ ಹೋದಾಗ ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ಹಾಕಿಸಿ. ‘ಕುತ್ತಿಗೆಗೆ ಉಲ್ಟಾ ಬೇಡಣ್ಣ, ಒಂದೇ ಸಲ ಸಾಕು’ ಅಂತ ಕೂರುವ ಮೊದಲೇ ಹೇಳಿ. ಕೆಲಸ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ.

ಔಷಧಿ ಬೇಡವೇ ಅಂದರೆ, ಬೇಕು, ಆದರೆ ಮೇಲಿನದ್ದೆಲ್ಲ ಆದ ಮೇಲೆ. ಕೀವಿನ ಗುಳ್ಳೆಗಳಿಗೆ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ತೆಳುವಾಗಿ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ, ಹಳೇ ಟವೆಲ್ ಇಟ್ಟುಕೊಳ್ಳಿ. ರಾತ್ರಿ 0.1 ಶೇಕಡಾ ಅಡಾಪಲೀನ್, ಬಟಾಣಿ ಕಾಳಿನಷ್ಟು, ಮೊದಲೆರಡು ವಾರ ದಿನ ಬಿಟ್ಟು ದಿನ, ಶೇವ್ ಮಾಡಿದ ರಾತ್ರಿ ಬಿಟ್ಟು. ಇದು ರಂಧ್ರದ ಬಾಯಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ, ಕಲೆಗೂ ಸಹಾಯ ಮಾಡುತ್ತದೆ. ಇವೆರಡನ್ನೂ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಶುರು ಮಾಡಿ. ಹಗಲು ಹೊರಗೆ ಹೋಗುವಾಗ ಕುತ್ತಿಗೆಗೂ ಸನ್‌ಸ್ಕ್ರೀನ್ ಹಚ್ಚಿ, ಇಲ್ಲದಿದ್ದರೆ ಕಲೆ ಹೋಗುವುದಿಲ್ಲ. ಹೊಸ ಗುಳ್ಳೆ ನಿಂತ ಮೇಲೂ ಹಳೆಯ ಕಲೆ ಮಾಸಲು ತಿಂಗಳುಗಳೇ ಬೇಕು.

ಗುಳ್ಳೆ ಗಡ್ಡೆಯಾಗಿ ಗಟ್ಟಿಯಾದರೆ, ಜ್ವರ ಬಂದರೆ, ಕೀವು ಹರಡಿದರೆ ಕಾಯಬೇಡಿ. ಪದೇ ಪದೇ ಕುರು ಏಳುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಬೇಕು, ವಯಸ್ಸು 26 ಆದರೂ ಸರಿ.

ಇನ್ನು ಶಾಶ್ವತ ಪರಿಹಾರ. ಎರಡೇ ಇವೆ. ಒಂದು, ಕುತ್ತಿಗೆಗೆ ಬ್ಲೇಡ್ ಮುಟ್ಟಿಸದೆ ಟ್ರಿಮ್ಮರ್‌ನಲ್ಲೇ ಇರುವುದು. ಇನ್ನೊಂದು, ಲೇಸರ್‌ನಿಂದ ಕೂದಲನ್ನೇ ಕಡಿಮೆ ಮಾಡಿಸುವುದು. ನಮ್ಮ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ನಾಲ್ಕರಿಂದ ಆರು ಸಲ, ತಿಂಗಳಿಗೊಂದರಂತೆ. ಖರ್ಚಿನ ಬಾಬತ್ತು. ಚರ್ಮರೋಗ ತಜ್ಞರ ಹತ್ತಿರವೇ ಮಾಡಿಸಬೇಕು, ಬ್ಯೂಟಿ ಪಾರ್ಲರ್‌ನಲ್ಲಿ ಅಲ್ಲ. ಕೂದಲು ತೆಳುವಾಗಿ, ವಿರಳವಾಗಿ ಬರುತ್ತದೆ, ಗುಳ್ಳೆಯೂ ಹಾಗೇ ಕಡಿಮೆಯಾಗುತ್ತದೆ. ಮದುವೆಗೆ ಮುಂಚೆ ಮಾಡಿಸುವ ಮನಸ್ಸಿದ್ದರೆ ಎಂಟು ತಿಂಗಳು ಮೊದಲೇ ಶುರು ಮಾಡಿ. ಆದರೆ ಮೊದಲು ಮೂರು ತಿಂಗಳು ಒಂದೇ ಬ್ಲೇಡಿನಲ್ಲಿ, ಕೂದಲಿನ ದಿಕ್ಕಿಗೆ ಮಾಡಿ ನೋಡಿ. ಹೆಚ್ಚಿನವರಿಗೆ ಲೇಸರಿನ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. ಐದು ಬ್ಲೇಡಿನ ಆ ರೇಜರನ್ನು ಎಸೆಯಬೇಡಿ, ದುಡ್ಡು ಕೊಟ್ಟಿದ್ದೀರಿ. ಕೆನ್ನೆಗೆ ಅದೇ ಬಳಸಿ.

ಡಾಕ್ಟರ ಹತ್ತಿರ ಹೋಗುವಾಗ ಆ ಟ್ಯೂಬನ್ನು ತಗೊಂಡು ಹೋಗಿ, ಖಾಲಿಯಾಗಿದ್ದರೂ ಸರಿ. ಮತ್ತೆ, ಹೋಗುವ ಮೊದಲು ಎರಡು ದಿನ ಶೇವ್ ಮಾಡಬೇಡಿ. ಕೂದಲು ಯಾವ ಕಡೆ ತಿರುಗಿದೆ ಅಂತ ಅವರಿಗೂ ಕಾಣಬೇಕು.